700ಆರ್4 ಗೇರ್‌ಬಾಕ್ಸ್: ಹಳೆಯ ಕವಚದೊಳಗೆ ನಂತರದ ಮಾದರಿಯ ಭಾಗಗಳನ್ನು ಕೂರಿಸುವ ಸಮಗ್ರ ಮಾರ್ಗದರ್ಶಿ

ಜನರಲ್ ಮೋಟರ್ಸ್ 1982ರ ಮಾದರಿ ವರ್ಷದಲ್ಲಿ 700ಆರ್4 ಎಂಬ ನಾಲ್ಕು ಗೇರ್‌ಗಳ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಹೊರತಂದಿತು. ಆ ವರ್ಷದ ಶೆವ್ರೊಲೆ ಕಾರ್ವೆಟ್ ಕೊಂಡವರಿಗೆ ಸಿಕ್ಕಿದ್ದು ಇದೊಂದೇ. ಮ್ಯಾನುವಲ್ ಗೇರ್ ಅದರಲ್ಲಿ ಇರಲೇ ಇಲ್ಲ. 1990ರಲ್ಲಿ ಇದೇ ಟ್ರಾನ್ಸ್‌ಮಿಷನ್ 4ಎಲ್60 ಎಂಬ ಹೆಸರು ಪಡೆಯಿತು. 1993ರಲ್ಲಿ ಕಂಪ್ಯೂಟರ್ ನಿಯಂತ್ರಣದ 4ಎಲ್60-ಇ ಬಂತು, 2001ರಲ್ಲಿ ಇನ್ನಷ್ಟು ಗಟ್ಟಿಯಾದ 4ಎಲ್65-ಇ ಬಂತು. ಹೆಸರು ಬದಲಾಯಿತು, ನಿಯಂತ್ರಣ ಬದಲಾಯಿತು. ಆದರೆ ಒಳಗಿನ ಗೇರ್ ಅನುಪಾತ ಮೊದಲಿನಿಂದ ಕೊನೆಯವರೆಗೂ ಒಂದೇ: ಮೊದಲ ಗೇರ್ 3.06, ಎರಡನೆಯದು 1.63, ಮೂರನೆಯದು 1.00, ನಾಲ್ಕನೆಯದು 0.70.

ಈ ಒಂದು ಸಂಗತಿಯ ಮೇಲೆಯೇ ಇಡೀ ಕೆಲಸ ನಿಂತಿದೆ. ಗೇರ್ ಸೆಟ್‌ನ ವಿನ್ಯಾಸವನ್ನು ಕಂಪನಿ ಮುಟ್ಟಲಿಲ್ಲವಾದ್ದರಿಂದ ನಂತರದ ಗಟ್ಟಿ ಭಾಗಗಳು ಹಳೆಯ ಕವಚದಲ್ಲಿ ಕೂರುತ್ತವೆ. ಹಾಗೆಂದು ಎಲ್ಲವೂ ಕೂರುವುದಿಲ್ಲ. ಎಂಜಿನ್‌ನ ಶಕ್ತಿಯನ್ನು ಹೊತ್ತು ತಿರುಗುವ ಲೋಹದ ಡ್ರಮ್, ಶೆಲ್, ಪ್ಲಾನೆಟರಿಗಳು (ನಡುವಿನ ಗೇರ್‌ನ ಸುತ್ತ ಸಣ್ಣ ಗೇರ್‌ಗಳು ತಿರುಗುವ ಸೆಟ್‌ಗಳು) ಒಂದು ಗುಂಪು. ಎಣ್ಣೆಯ ಒತ್ತಡವನ್ನು ಹಂಚುವ ಪಂಪ್, ಎಣ್ಣೆಯ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್ ಬಾಡಿ, ಕಾರಿನ ವೇಗವನ್ನು ಅರಿಯುವ ಗವರ್ನರ್ ಇನ್ನೊಂದು ಗುಂಪು. ಮೊದಲ ಗುಂಪು ಮಾದರಿಯಿಂದ ಮಾದರಿಗೆ ಧಾರಾಳವಾಗಿ ದಾಟುತ್ತದೆ. ಎರಡನೆಯದು ತನ್ನ ಸಂಗಡಿಗರಿಲ್ಲದೆ ಎಲ್ಲಿಗೂ ಹೋಗಬಾರದು. ಭಾಗಗಳನ್ನು ಒಂಟಿಯಾಗಿ ಅಲ್ಲ, ಅವು ಒಂದಕ್ಕೊಂದು ತಾಗುವ ಗುಂಪುಗಳಾಗಿ ಸಾಗಿಸಬೇಕು ಎಂಬುದೇ ಈ ಲೇಖನದುದ್ದಕ್ಕೂ ನಾನು ಒತ್ತಿ ಹೇಳುವ ಮಾತು.

ಇಲ್ಲಿ ನಾನು ಇಟ್ಟುಕೊಂಡಿರುವ ಗುರಿ ಹೀಗಿದೆ: 1982ರಿಂದ 1984ರವರೆಗಿನ ಕಾರಿನ ಮೂಲ ಕವಚ ಹಾಗೆಯೇ ಉಳಿಯಬೇಕು, ಥ್ರಾಟಲ್ ಕೇಬಲ್ ಮತ್ತು ಗವರ್ನರ್‌ನಿಂದ ನಡೆಯುವ ಅದರ ಹಳೆಯ ಸ್ವಭಾವವೂ ಉಳಿಯಬೇಕು, ಆದರೆ ಒಳಗಿನ ದುರ್ಬಲ ಭಾಗಗಳ ಜಾಗಕ್ಕೆ ನಂತರದವು ಬರಬೇಕು.

ಕೈಯಲ್ಲಿರುವುದು ಯಾವ ಮಾದರಿ?

ಬಿಚ್ಚುವ ಮೊದಲೇ ಇದು ತಿಳಿದಿರಬೇಕು. ಕವಚದ ಕೆಳಗೆ ಎಣ್ಣೆ ತಟ್ಟೆ ಕೂರುವ ಅಂಚಿನ ಮೇಲೆ ಅಚ್ಚೊತ್ತಿದ ಸಂಕೇತವನ್ನು ಹುಡುಕಿ. ಎಣ್ಣೆ, ಮಣ್ಣು ಸೇರಿ ಗಟ್ಟಿಯಾಗಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿದರೆ ಕಾಣಿಸುತ್ತದೆ. ಸಂಕೇತದ ಮೊದಲ ಅಂಕಿ ಮಾದರಿ ವರ್ಷದ ಕೊನೆಯ ಅಂಕಿ. 2 ಎಂದಿದ್ದರೆ 1982 ಇರಬಹುದು, 1992 ಕೂಡ ಇರಬಹುದು. ಆದ್ದರಿಂದ ಸಂಕೇತವನ್ನು ಮಾತ್ರ ನಂಬಿ ಭಾಗಗಳನ್ನು ಕೊಳ್ಳಬೇಡಿ.

ಎಂಜಿನ್‌ನ ಶಕ್ತಿಯನ್ನು ಎಣ್ಣೆಯ ಮೂಲಕ ಟ್ರಾನ್ಸ್‌ಮಿಷನ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಅನ್ನು ಹೊರಗೆಳೆದು ಇನ್‌ಪುಟ್ ಶಾಫ್ಟ್‌ನ ಹಲ್ಲುಗಳನ್ನು ಎಣಿಸಿ. 27 ಇದ್ದರೆ ಆರಂಭದ ಮಾದರಿ, 30 ಇದ್ದರೆ ನಂತರದ್ದು. ಒಂದು ಹಲ್ಲಿಗೆ ಬಣ್ಣದ ಗುರುತು ಹಾಕಿಕೊಂಡು ಎಣಿಸಿದರೆ ತಪ್ಪುವುದಿಲ್ಲ. 1985ರ ಹೊತ್ತಿಗೆ 30 ಹಲ್ಲಿನ ಶಾಫ್ಟ್ ಬಳಕೆಗೆ ಬಂದಿತ್ತು. ಆದರೆ ದಶಕಗಳ ಕಾಲ ಓಡಿ, ಎಷ್ಟೋ ಕೈ ದಾಟಿ ಬಂದ ಕಾರಿನಲ್ಲಿ ಕವಚ ಒಂದು ವರ್ಷದ್ದು, ಒಳಗಿನದು ಇನ್ನೊಂದು ವರ್ಷದ್ದು ಆಗಿರುವುದು ತೀರ ಸಾಮಾನ್ಯ. ಎಣಿಕೆ ಸುಳ್ಳು ಹೇಳುವುದಿಲ್ಲ.

ಮೂರನೆಯ ಗುರುತು ತಟ್ಟೆ ತೆಗೆದಾಗ ಕಾಣುತ್ತದೆ. 1987ರಿಂದ ಮುಖ್ಯ ವಾಲ್ವ್ ಬಾಡಿಯ ಜೊತೆಗೆ ಸಹಾಯಕ ವಾಲ್ವ್ ಬಾಡಿ ಎಂಬ ಪ್ರತ್ಯೇಕ ಸಣ್ಣ ಎರಕದ ತುಂಡು ಬಂತು. ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹಾಕಿದಾಗ ಆಗುವ ಎಳೆತವನ್ನು ಮೃದುಗೊಳಿಸುವುದು ಅದರ ಕೆಲಸ. ಅದು ಇದ್ದರೆ ಕವಚದಲ್ಲಿ ಅದಕ್ಕೆ ಬೇಕಾದ ಎಣ್ಣೆ ದಾರಿಗಳೂ ಇರುತ್ತವೆ. ಇಲ್ಲದ ಕವಚಕ್ಕೆ ಅದನ್ನು ಅಂಟಿಸಲು ಹೊರಡುವುದು ವ್ಯರ್ಥ ಶ್ರಮ.

ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ

ಸನ್ ಶೆಲ್‌ನಿಂದ ಶುರು ಮಾಡೋಣ, ಏಕೆಂದರೆ ಈ ಟ್ರಾನ್ಸ್‌ಮಿಷನ್‌ನಲ್ಲಿ ಮುರಿಯುವ ಭಾಗ ಎಂದರೆ ಮೊದಲು ನೆನಪಾಗುವುದು ಅದೇ. ಗಂಟೆಯಾಕಾರದ ಈ ಉಕ್ಕಿನ ಶೆಲ್ ರಿವರ್ಸ್ ಡ್ರಮ್‌ನ ಚಲನೆಯನ್ನು ಹಿಂಭಾಗದ ಸನ್ ಗೇರ್‌ಗೆ ತಲುಪಿಸುತ್ತದೆ. ಎರಡನೇ ಮತ್ತು ನಾಲ್ಕನೇ ಗೇರ್‌ಗಳಲ್ಲಿ ಡ್ರಮ್‌ನ ಸುತ್ತ ಇರುವ ಪಟ್ಟಿ, ಅಂದರೆ ಬ್ಯಾಂಡ್, ಈ ಸರಪಳಿಯನ್ನು ಬಿಗಿಹಿಡಿದು ನಿಲ್ಲಿಸುತ್ತದೆ. ರಿವರ್ಸ್‌ನಲ್ಲಿ ಇದೇ ಸರಪಳಿ ತಿರುಗಿ ಕಾರನ್ನು ಹಿಂದಕ್ಕೆ ನಡೆಸುತ್ತದೆ. ಹಾಗಾಗಿ ಎರಡನೇ ಗೇರ್, ನಾಲ್ಕನೇ ಗೇರ್, ರಿವರ್ಸ್ ಮೂರೂ ಒಟ್ಟಿಗೆ ಮಾಯವಾಗಿ, ಮೊದಲ ಮತ್ತು ಮೂರನೇ ಗೇರ್‌ಗಳು ಚೆನ್ನಾಗಿಯೇ ಇದ್ದರೆ ಸನ್ ಶೆಲ್‌ನ ಕುತ್ತಿಗೆ ಮುರಿದಿದೆ ಅಥವಾ ಅದರ ಹಲ್ಲು ಸವೆದಿದೆ ಎಂದು ಬಹುತೇಕ ಖಚಿತವಾಗಿ ಹೇಳಬಹುದು. 4ಎಲ್60-ಇಗೆಂದು ತಯಾರಾದ ಗಡಸುಗೊಳಿಸಿದ ಶೆಲ್ 700ಆರ್4ನಲ್ಲಿ ಕೂರುತ್ತದೆ. ಬಿಚ್ಚಿದ ಮೇಲೆ ಹಳೆಯ ಶೆಲ್ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಹಾಕಬೇಡಿ ಎನ್ನುವುದು ನನ್ನ ಸಲಹೆ. ಹೊಸ ಶೆಲ್‌ಗೆ ತಾಗಿ ಕೂರುವ ವಾಷರ್ ಅಥವಾ ಬೇರಿಂಗ್ ಅದರ ಜೊತೆಯಲ್ಲೇ ಬರಲಿ. ದಪ್ಪದಲ್ಲಿ ವ್ಯತ್ಯಾಸವಾದರೆ ಅದು ಕೊನೆಯಲ್ಲಿ ಅಳೆಯುವ ಎಂಡ್ ಪ್ಲೇಯಲ್ಲಿ (ಶಾಫ್ಟ್ ಹಿಂದೆ ಮುಂದೆ ಸರಿಯುವ ಅಂತರದಲ್ಲಿ) ಬಂದು ಕಾಡುತ್ತದೆ.

ಪ್ಲಾನೆಟರಿ ಕ್ಯಾರಿಯರ್‌ಗಳೂ ದಾಟುತ್ತವೆ. 700ಆರ್4ನಲ್ಲಿ ಪ್ರತಿ ಕ್ಯಾರಿಯರ್‌ಗೆ ನಾಲ್ಕು ಪಿನಿಯನ್‌ಗಳು (ಸಣ್ಣ ಗೇರ್‌ಗಳು); 4ಎಲ್65-ಇ ಐದು ಪಿನಿಯನ್‌ಗಳನ್ನು ತಂದಿತು. ಐದು ಪಿನಿಯನ್ ಎಂದರೆ ಹೊರೆ ಹೆಚ್ಚು ಹಲ್ಲುಗಳ ಮೇಲೆ ಹಂಚಿಹೋಗುತ್ತದೆ. ಅವನ್ನು ಹಾಕುವುದಾದರೆ ಕ್ಯಾರಿಯರ್, ಸನ್ ಗೇರ್, ರಿಂಗ್ ಗೇರ್‌ಗಳನ್ನು ಒಂದೇ ಸೆಟ್ ಆಗಿ ಹಾಕಿ. ಬೇರೆ ಬೇರೆ ಯೂನಿಟ್‌ಗಳಲ್ಲಿ ಲಕ್ಷಗಟ್ಟಲೆ ಸುತ್ತು ತಿರುಗಿ ಸವೆದ ಹಲ್ಲುಗಳನ್ನು ಒಟ್ಟಿಗೆ ಕೂಡಿಸಿದರೆ ಕೂಗುತ್ತವೆ. ಎಂಜಿನ್ ಸಾಧಾರಣ ಶಕ್ತಿಯದಾಗಿದ್ದರೆ ನಾಲ್ಕು ಪಿನಿಯನ್‌ನ ಒಳ್ಳೆಯ ಕ್ಯಾರಿಯರ್ ಸಾಕು; ಅದಕ್ಕಿಂತ ಮುಖ್ಯವಾದ ಭಾಗಗಳು ಬೇರೆ ಇವೆ.

ಔಟ್‌ಪುಟ್ ಶಾಫ್ಟ್ ಮಾತ್ರ ನಿಮ್ಮದೇ ಇರಲಿ. ಹಳೆಯ ಮಾದರಿಯಲ್ಲಿ ಗವರ್ನರ್ ಅನ್ನು ತಿರುಗಿಸುವುದು ಈ ಶಾಫ್ಟ್. 4ಎಲ್60-ಇಯಲ್ಲಿ ಗವರ್ನರ್ ಎಂಬುದೇ ಇಲ್ಲ, ವೇಗವನ್ನು ಸೆನ್ಸರ್ ಓದುತ್ತದೆ. ಅದರ ಶಾಫ್ಟ್ ತಂದು ಹಾಕಿದರೆ ಕಾರು ಮೊದಲ ಗೇರ್‌ನಿಂದ ಮೇಲೇಳುವುದೇ ಇಲ್ಲ.

ಪಂಪ್ ಮತ್ತು ವಾಲ್ವ್ ಬಾಡಿಗಳ ವಿಷಯದಲ್ಲಿ 4ಎಲ್60-ಇಯನ್ನು ಮರೆತುಬಿಡಿ. ಅವುಗಳ ಎಣ್ಣೆ ದಾರಿಗಳನ್ನು ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್‌ಗಳಿಗೆ ತಕ್ಕಂತೆ ರೂಪಿಸಲಾಗಿದೆ. ಅವು ಬೇಕಿದ್ದರೆ 1985ರ ನಂತರದ 700ಆರ್4 ಅಥವಾ 1990ರ ನಂತರದ, ಹೆಸರಿನಲ್ಲಿ ಇ ಇಲ್ಲದ 4ಎಲ್60ರಿಂದ ತನ್ನಿ.

ಇನ್ನೊಂದು ಬಲೆ ಇದೆ. 1998ರಿಂದ ಎಲ್‌ಎಸ್ ಸಾಲಿನ ಎಂಜಿನ್‌ಗಳ ಹಿಂದೆ ಬಂದ 4ಎಲ್60-ಇಯಲ್ಲಿ 300 ಮಿಲಿಮೀಟರ್ ಕನ್ವರ್ಟರ್ ಇದೆ. ಅದರ ಇನ್‌ಪುಟ್ ಶಾಫ್ಟ್ ಉದ್ದವಾಗಿದೆ. ಹಲ್ಲು ಎಣಿಸಿದರೆ ಅಲ್ಲಿಯೂ 30 ಬರುತ್ತದೆ, ಆದ್ದರಿಂದ ಎಣಿಕೆಯಿಂದ ಇದು ಗೊತ್ತಾಗುವುದಿಲ್ಲ. ಹಳೆಯ 298 ಮಿಲಿಮೀಟರ್ ಕನ್ವರ್ಟರ್‌ನ ಡ್ರಮ್ ಪಕ್ಕಕ್ಕೆ ಇಟ್ಟು ಶಾಫ್ಟ್‌ನ ಉದ್ದ ಹೋಲಿಸಿ ನೋಡಿಯೇ ಕೊಳ್ಳಿ.

ಬಿಚ್ಚುವ ಕ್ರಮ

ಯೂನಿಟ್ ಅನ್ನು ಹೊರಗಿನಿಂದ ಪೂರ್ತಿ ತೊಳೆದು ಒಣಗಿಸಿ. ಒಳಗೆ ಹೋಗುವ ಒಂದು ಮರಳಿನ ಕಣ ವಾಲ್ವ್ ಒಂದನ್ನು ಅಂಟಿಸಲು ಸಾಕು. ಕೆಲಸದ ಮೇಜಿನ ಮೇಲೆ ದೊಡ್ಡ ಕಾಗದ ಹಾಸಿ, ಹೊರಬಂದ ಭಾಗಗಳನ್ನು ಬಂದ ಕ್ರಮದಲ್ಲೇ, ಬಂದ ಮುಖವೇ ಮೇಲಿರುವಂತೆ ಎಡದಿಂದ ಬಲಕ್ಕೆ ಸಾಲಾಗಿ ಇಡಿ. ದಾನಿ ಯೂನಿಟ್‌ನ, ಅಂದರೆ ಭಾಗಗಳನ್ನು ಕಳಚಿಕೊಳ್ಳುವ ನಂತರದ ಮಾದರಿಯ, ಭಾಗಗಳಿಗೆ ಬೇರೆಯದೇ ಸಾಲು ಇರಲಿ. ಎರಡೂ ಸಾಲುಗಳನ್ನು ಎದುರುಬದುರು ಇಟ್ಟಾಗ ವ್ಯತ್ಯಾಸಗಳು ಕಣ್ಣಿಗೆ ತಾವಾಗಿ ಬೀಳುತ್ತವೆ.

ಮೊದಲು ಕನ್ವರ್ಟರ್ ಹೊರಗೆ. ಆಮೇಲೆ ಎಣ್ಣೆ ತಟ್ಟೆ, ಫಿಲ್ಟರ್. ತಟ್ಟೆಯ ತಳದಲ್ಲಿ ಏನಿದೆ ನೋಡಿ: ಕಪ್ಪು ಹುಡಿ ಕ್ಲಚ್‌ನದು, ಹಿತ್ತಾಳೆ ಬಣ್ಣದ ಹೊಳಪು ಬುಷ್‌ಗಳದು, ಉಕ್ಕಿನ ಚೂರು ಗೇರ್ ಅಥವಾ ಪಂಪ್‌ನದು. ಈ ಓದು ಮುಂದೆ ಯಾವ ಭಾಗವನ್ನು ಎರಡು ಬಾರಿ ಪರೀಕ್ಷಿಸಬೇಕು ಎಂದು ತಿಳಿಸುತ್ತದೆ.

ವಾಲ್ವ್ ಬಾಡಿಯ ಬೋಲ್ಟ್‌ಗಳನ್ನು ಬಿಚ್ಚಿದಾಗ ಕೈ ನಿಧಾನವಾಗಲಿ. ಟ್ರಾನ್ಸ್‌ಮಿಷನ್ ಬೋರಲಾಗಿ, ತಟ್ಟೆಯ ಬದಿ ಮೇಲಾಗಿ ಇದ್ದರೆ ವಾಲ್ವ್ ಬಾಡಿಯನ್ನೂ ಅದರ ಕೆಳಗಿನ ತೆಳು ಉಕ್ಕಿನ ಸೆಪರೇಟರ್ ಪ್ಲೇಟನ್ನೂ ಎರಡೂ ಕೈಯಿಂದ ಒತ್ತಿ ಹಿಡಿದು ಒಟ್ಟಿಗೆ ಎತ್ತಿ. ವಾಲ್ವ್ ಬಾಡಿಯ ದಾರಿಗಳಲ್ಲಿ ಗೋಲಿಯಂಥ ಚೆಕ್ ಬಾಲ್‌ಗಳಿವೆ. ಪ್ಲೇಟ್ ಬೇರೆಯಾದ ಕ್ಷಣವೇ ಅವು ಉರುಳಿಹೋಗುತ್ತವೆ. ಕವಚದ ಬದಿಯಲ್ಲೂ ಕೆಲವು ಉಳಿದಿರುತ್ತವೆ. ಪ್ರತಿಯೊಂದರ ಜಾಗವನ್ನು ಫೋಟೋ ತೆಗೆದುಕೊಳ್ಳುವವರೆಗೆ ಯಾವುದನ್ನೂ ಅಲುಗಿಸಬೇಡಿ. ಮಾದರಿಯಿಂದ ಮಾದರಿಗೆ ಈ ಜಾಗಗಳು ಬದಲಾಗುವುದರಿಂದ ಬೇರೆ ಯೂನಿಟ್‌ನ ಚಿತ್ರ ನಿಮ್ಮ ನೆರವಿಗೆ ಬರುವುದಿಲ್ಲ.

ಬ್ಯಾಂಡನ್ನು ಬಿಗಿಯುವ ಸರ್ವೊದ ಮುಚ್ಚಳ, ಗವರ್ನರ್, ಹಿಂಬದಿಯ ಎಕ್ಸ್‌ಟೆನ್ಷನ್ ಹೌಸಿಂಗ್ ಬಿಚ್ಚುವುದು ಸರಳ. ಪಂಪ್ ಬೋಲ್ಟ್‌ಗಳನ್ನು ತೆಗೆದು ಪಂಪ್ ಎಳೆದ ಮೇಲೆ ರಿವರ್ಸ್ ಡ್ರಮ್ ಮತ್ತು ಇನ್‌ಪುಟ್ ಡ್ರಮ್ ಇನ್‌ಪುಟ್ ಶಾಫ್ಟ್ ಹಿಡಿದು ಎಳೆದಾಗ ಜೊತೆಯಾಗಿ ಬರುತ್ತವೆ. ಬ್ಯಾಂಡ್ ಹೊರಬರಬೇಕಾದರೆ ಅದರ ಆಂಕರ್ ಪಿನ್ ಮೊದಲು ಬರಬೇಕು. ಮುಂದೆ ಮುಂಭಾಗದ ಪ್ಲಾನೆಟರಿ: ಅದನ್ನು ಔಟ್‌ಪುಟ್ ಶಾಫ್ಟ್‌ನ ತುದಿಯಲ್ಲಿ ಒಂದು ಸ್ನ್ಯಾಪ್ ರಿಂಗ್ ಹಿಡಿದಿರುತ್ತದೆ. ರಿಂಗ್ ತೆಗೆದರೆ ಶಾಫ್ಟ್ ಹಿಂಬದಿಯಿಂದ ಜಾರಿ ಬರುತ್ತದೆ. ಅದು ಕೆಳಗೆ ಬೀಳದಂತೆ ಕೈಕೊಟ್ಟಿರಿ. ನಂತರ ರಿಂಗ್ ಗೇರ್, ಸನ್ ಶೆಲ್, ಲೋ ರೋಲರ್ ಕ್ಲಚ್ ಇರುವ ಸಪೋರ್ಟ್, ಹಿಂಭಾಗದ ಕ್ಯಾರಿಯರ್, ಲೋ-ರಿವರ್ಸ್ ಕ್ಲಚ್ ಪ್ಲೇಟ್‌ಗಳು, ಹಿಂಭಾಗದ ರಿಂಗ್ ಗೇರ್. ಕವಚದ ತಳದಲ್ಲಿರುವ ಲೋ-ರಿವರ್ಸ್ ಪಿಸ್ಟನ್ ತೆಗೆಯಲು ಸ್ಪ್ರಿಂಗ್ ಒತ್ತುವ ಸಾಧನ ಬೇಕೇಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಲು ಹೋಗಬೇಡಿ, ಆ ಸ್ಪ್ರಿಂಗ್‌ಗಳಲ್ಲಿ ಕಣ್ಣಿಗೆ ಅಪಾಯ ತರುವಷ್ಟು ಬಲ ತುಂಬಿರುತ್ತದೆ.

ಇನ್‌ಪುಟ್ ಡ್ರಮ್: ಕೆಲಸದ ಹೃದಯಭಾಗ

27 ಹಲ್ಲಿನ ಶಾಫ್ಟ್‌ನಿಂದ 30 ಹಲ್ಲಿನದಕ್ಕೆ ಬರುವುದೇ ಆರಂಭದ ಯೂನಿಟ್‌ಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ. ಇದಕ್ಕೆ ಮೂರು ಭಾಗಗಳು ಒಟ್ಟಿಗೆ ಬದಲಾಗಬೇಕು: 30 ಹಲ್ಲಿನ ಶಾಫ್ಟ್ ಇರುವ ಇನ್‌ಪುಟ್ ಡ್ರಮ್, ಆ ಶಾಫ್ಟ್‌ಗೆ ಒಪ್ಪುವ ಸ್ಟೇಟರ್ ಟ್ಯೂಬ್ (ಶಾಫ್ಟ್ ಹಾಯುವ ಟೊಳ್ಳು ಕೊಳವೆ) ಇರುವ ಪಂಪ್, 30 ಹಲ್ಲಿನ ಕನ್ವರ್ಟರ್. ಮೂರರಲ್ಲಿ ಎರಡನ್ನು ತಂದು ಮೂರನೆಯದನ್ನು ಹೇಗೋ ಹೊಂದಿಸುತ್ತೇನೆ ಎಂದು ಹೊರಟವರ ಡ್ರಮ್‌ಗಳು ಮೂಲೆಯಲ್ಲಿ ಕೂತಿರುತ್ತವೆ.

ಡ್ರಮ್ ಅಲ್ಯೂಮಿನಿಯಂನದು, ಶಾಫ್ಟ್ ಉಕ್ಕಿನದು. ಶಾಫ್ಟ್ ಅನ್ನು ಡ್ರಮ್‌ಗೆ ಒತ್ತಿ ಕೂರಿಸಲಾಗಿದೆ. ದಾನಿ ಡ್ರಮ್ ಕೊಳ್ಳುವಾಗ ಈ ಕೂಡುವ ಜಾಗವನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಬೆರಳಿನಿಂದ ಎಣ್ಣೆ ಒರೆಸಿ, ಶಾಫ್ಟ್ ಹಿಡಿದು ಡ್ರಮ್ ತಿರುಚಿ. ಕೂದಲೆಳೆಯಷ್ಟು ಬಿರುಕು ಅಥವಾ ಅತಿ ಸಣ್ಣ ಅಲುಗಾಟ ಕಂಡರೂ ಡ್ರಮ್ ಬೇಡ. ಒಳಗೋಡೆಯಲ್ಲಿ ಪ್ಲೇಟ್‌ಗಳ ಕಿವಿಗಳು ಕೂರುವ ತೋಡುಗಳಲ್ಲಿ ತಗ್ಗು ಬಿದ್ದಿದ್ದರೆ ಪ್ಲೇಟ್‌ಗಳು ಸರಾಗವಾಗಿ ಜಾರುವುದಿಲ್ಲ, ಕ್ಲಚ್ ಬಿಡಬೇಕಾದಾಗ ಬಿಡುವುದಿಲ್ಲ.

ಈ ಒಂದು ಡ್ರಮ್‌ನೊಳಗೆ ಮೂರು ಕ್ಲಚ್‌ಗಳಿವೆ: ಓವರ್‌ರನ್, ಫಾರ್ವರ್ಡ್ ಮತ್ತು 3-4. ಸುಟ್ಟುಹೋಗುವುದು ಹೆಚ್ಚಾಗಿ 3-4. ಮೂರನೇ ಮತ್ತು ನಾಲ್ಕನೇ ಗೇರ್ ಎರಡರ ಹೊರೆಯೂ ಇದರ ಮೇಲೆಯೇ ಬೀಳುತ್ತದೆ, ಎಣ್ಣೆಯ ಒತ್ತಡ ಸ್ವಲ್ಪ ಕಡಿಮೆಯಾದರೂ ಮೊದಲು ಜಾರುವುದು ಇದೇ. ದಾನಿ ಡ್ರಮ್ ತಂದಾಗ ಅದರ 3-4 ಕ್ಲಚ್‌ನ ಅಪ್ಲೈ ರಿಂಗ್ ಮತ್ತು ಬ್ಯಾಕಿಂಗ್ ಪ್ಲೇಟನ್ನೂ ಜೊತೆಗೆ ತನ್ನಿ. ಎಂಜಿನ್‌ಗೆ ತಕ್ಕಂತೆ ಕಂಪನಿ ಪ್ಲೇಟ್‌ಗಳ ಸಂಖ್ಯೆ ಬದಲಿಸುತ್ತಿತ್ತು, ಸಂಖ್ಯೆ ಬದಲಾದಾಗ ರಿಂಗ್‌ನ ಎತ್ತರವೂ ಬದಲಾಗುತ್ತಿತ್ತು. ಕಡಿಮೆ ಪ್ಲೇಟ್‌ಗಳ ರಿಂಗ್‌ನೊಂದಿಗೆ ಹೆಚ್ಚು ಪ್ಲೇಟ್ ತುಂಬಲು ಹೋದರೆ ಸ್ನ್ಯಾಪ್ ರಿಂಗ್ ತನ್ನ ತೋಡಿಗೆ ಬರುವುದೇ ಇಲ್ಲ.

ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಜೋಡಿಸುವ ಮೊದಲು ಟ್ರಾನ್ಸ್‌ಮಿಷನ್ ಎಣ್ಣೆಯಲ್ಲಿ ನೆನೆಸಿಡಿ. ಪಿಸ್ಟನ್‌ಗಳ ತುಟಿ ಸೀಲ್‌ಗಳನ್ನು ಕೂರಿಸುವಾಗ ಪೆಟ್ರೋಲಿಯಂ ಜೆಲ್ಲಿ ಸವರಿ. ಬೇರಿಂಗ್ ಗ್ರೀಸ್ ಬೇಡ, ಅದು ಎಣ್ಣೆಯಲ್ಲಿ ಕರಗದೆ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಸೀಲ್‌ನ ತುಟಿ ಎಣ್ಣೆ ಬರುವ ದಿಕ್ಕಿಗೆ ಮುಖ ಮಾಡಿರಬೇಕು. ಪಿಸ್ಟನ್ ಒಳಗಿಳಿಸುವಾಗ ತುಟಿ ಮಡಚಿಕೊಳ್ಳದಂತೆ ತೆಳುವಾದ ಫೀಲರ್ ಗೇಜನ್ನು ಅಂಚಿನ ಸುತ್ತ ನಯವಾಗಿ ಆಡಿಸುತ್ತಾ ಬನ್ನಿ. ಪಿಸ್ಟನ್ ತನ್ನ ತೂಕದಿಂದಲೇ ಇಳಿದಂತೆ ಅನ್ನಿಸಿದರೆ ಸರಿಯಾಗಿದೆ. ಸುತ್ತಿಗೆಯ ಹಿಡಿಯಿಂದ ತಟ್ಟಬೇಕಾಗಿ ಬಂದರೆ ಹೊರತೆಗೆದು ಮತ್ತೆ ನೋಡಿ.

ಪ್ಲೇಟ್‌ಗಳನ್ನು ಜೋಡಿಸಿ ಸ್ನ್ಯಾಪ್ ರಿಂಗ್ ಹಾಕಿದ ಮೇಲೆ, ರಿಂಗ್ ಮತ್ತು ಬ್ಯಾಕಿಂಗ್ ಪ್ಲೇಟ್ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಎದುರುಬದುರಿನ ಎರಡು ಜಾಗಗಳಲ್ಲಿ ಅಳೆಯಿರಿ. 3-4 ಕ್ಲಚ್‌ಗೆ ಸುಮಾರು 0.75ರಿಂದ 1.25 ಮಿಲಿಮೀಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಸಂದು ಹೆಚ್ಚಾದರೆ ದಪ್ಪ ಬ್ಯಾಕಿಂಗ್ ಪ್ಲೇಟ್ ಹಾಕಿ. ತೀರ ಕಡಿಮೆಯಾದರೆ ಕ್ಲಚ್ ಬಿಟ್ಟಿರುವಾಗಲೂ ಉಜ್ಜುತ್ತಾ ಬಿಸಿಯಾಗುತ್ತದೆ. ಹಳೆಯ ಸ್ಟೀಲ್ ಪ್ಲೇಟ್‌ಗಳ ಮೇಲೆ ನೀಲಿ ಕಲೆಗಳಿದ್ದರೆ ಅವನ್ನು ಬಿಡಿ, ಅವು ಒಮ್ಮೆ ಕಾದು ತಮ್ಮ ಸಮತಟ್ಟು ಕಳೆದುಕೊಂಡಿರುತ್ತವೆ.

ಇನ್‌ಪುಟ್ ಶಾಫ್ಟ್‌ನ ಮೇಲಿನ ಟೆಫ್ಲಾನ್ ರಿಂಗ್‌ಗಳನ್ನು ಹಾಕಿದ ಮೇಲೆ ಅವು ಹಿಗ್ಗಿರುತ್ತವೆ. ಅಳತೆಗೆ ಕುಗ್ಗಿಸುವ ಕೊಳವೆಯಂಥ ಸ್ಲೀವ್ ಅನ್ನು ಅವುಗಳ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಇಲ್ಲವಾದರೆ ಸ್ಟೇಟರ್ ಟ್ಯೂಬ್‌ನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತವೆ. ಶಾಫ್ಟ್‌ನ ತುದಿಯಲ್ಲಿ ಒಂದು ಚಿಕ್ಕ ಓ-ರಿಂಗ್ ಇದೆ. ಎಂಜಿನ್ ಮತ್ತು ಇನ್‌ಪುಟ್ ಶಾಫ್ಟ್ ಅನ್ನು ನೇರವಾಗಿ ಜೋಡಿಸುವ, ಕನ್ವರ್ಟರ್‌ನ ಲಾಕ್-ಅಪ್ ಕ್ಲಚ್‌ಗೆ ಹೋಗುವ ಎಣ್ಣೆಯನ್ನು ಅದು ಕಾಯುತ್ತದೆ. ಅದನ್ನು ಬಿಟ್ಟು ಜೋಡಿಸಿದರೆ ಲಾಕ್-ಅಪ್ ಜಾರುತ್ತದೆ, ಕಾರಣ ಹುಡುಕಲು ಮತ್ತೆ ಇಡೀ ಟ್ರಾನ್ಸ್‌ಮಿಷನ್ ಇಳಿಸಬೇಕಾಗುತ್ತದೆ.

ಡ್ರಮ್ ಮುಗಿದ ಮೇಲೆ ಅದನ್ನು ಪಂಪ್‌ನ ಸ್ಟೇಟರ್ ಟ್ಯೂಬ್ ಮೇಲೆ ಕೂರಿಸಿ, ಪ್ರತಿ ಕ್ಲಚ್‌ನ ಎಣ್ಣೆ ರಂಧ್ರಕ್ಕೆ ಸುಮಾರು 30 ಪಿಎಸ್‌ಐ ಒಣ ಗಾಳಿ ಬಿಡಿ. ಆರೋಗ್ಯವಂತ ಕ್ಲಚ್ ದಪ್ಪನೆಯ ಒಂದು ಸದ್ದಿನೊಂದಿಗೆ ಮುಚ್ಚಿಕೊಂಡು ಹಾಗೆಯೇ ನಿಲ್ಲುತ್ತದೆ. ಗಾಳಿ ನಿರಂತರವಾಗಿ ಸೋರುವ ಸದ್ದು ಬಂದರೆ ಒಂದು ಸೀಲ್ ತಪ್ಪಾಗಿ ಕೂತಿದೆ. ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಲು ಯಾವ ಅವಸರವೂ ಸಾಕಷ್ಟು ಕಾರಣವಲ್ಲ.

ಪಂಪ್

ಈ ಪಂಪ್‌ನಲ್ಲಿ ರೋಟರ್‌ನ ತೋಡುಗಳಲ್ಲಿ ಜಾರುವ ವೇನ್‌ಗಳು (ತೆಳು ಅಲಗುಗಳು), ಅವುಗಳ ಸುತ್ತ ಅತ್ತಿತ್ತ ಸರಿಯುವ ಸ್ಲೈಡ್ ಇವೆ. ಸ್ಲೈಡ್ ಸರಿದಷ್ಟು ಪಂಪ್ ಕೊಡುವ ಎಣ್ಣೆ ಬದಲಾಗುತ್ತದೆ. ಆರಂಭದ ಪಂಪ್‌ಗಳಲ್ಲಿ ಏಳು ವೇನ್‌ಗಳಿದ್ದವು, ನಂತರ ಹತ್ತಾದವು, ಕಡೆಗೆ ಹದಿಮೂರಕ್ಕೆ ಏರಿದವು. ರೋಟರ್, ವೇನ್ ಮತ್ತು ಅವನ್ನು ಒಳಗಿನಿಂದ ಹಿಡಿಯುವ ರಿಂಗ್‌ಗಳು ಒಂದು ಸೆಟ್. ಏಳರ ರೋಟರ್‌ಗೆ ಹತ್ತರ ರಿಂಗ್ ಹಾಕಿ ನೋಡುವ ಪ್ರಯೋಗ ಬೇಡ. ಹಳೆಯ ರಿಂಗ್‌ಗಳು ಒಡೆಯುವ ಸ್ವಭಾವದವು, ಗಡಸುಗೊಳಿಸಿದ ರಿಂಗ್‌ಗಳನ್ನೇ ಹಾಕಿ. ಹೊಸ ರೋಟರ್, ವೇನ್, ಸ್ಲೈಡ್‌ಗಳ ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಹಳೆಯವುಗಳೊಂದಿಗೆ ಹೋಲಿಸಿ. ಪಂಪ್ ಕುಹರದ ಆಳಕ್ಕೆ ಅವು ಹೊಂದಬೇಕು.

ಪಂಪ್‌ನ ಎರಡು ಅರ್ಧಗಳನ್ನು ಕೂಡಿಸುವಾಗ ಅವುಗಳ ಹೊರ ಅಂಚು ಪೂರ್ತಿ ಒಂದೇ ಸಾಲಿನಲ್ಲಿರಬೇಕು. ಬೋಲ್ಟ್‌ಗಳನ್ನು ಕೈಯಲ್ಲಿ ಹಾಕಿ, ಸುತ್ತಲೂ ಅಗಲವಾದ ಪಟ್ಟಿಯ ಕ್ಲಾಂಪ್ ಬಿಗಿದು, ಆಮೇಲೆ ಬೋಲ್ಟ್‌ಗಳಿಗೆ 24 ನ್ಯೂಟನ್ ಮೀಟರ್ ಬಿಗಿತ ಕೊಡಿ. ಅರ್ಧಗಳು ಎಳೆಯಷ್ಟು ಆಚೀಚೆಯಾದರೂ ಪಂಪ್ ಕವಚದೊಳಗೆ ವಾರೆಯಾಗಿ ಕೂತು ಬುಷ್ ತಿಂದುಹಾಕುತ್ತದೆ. ಒತ್ತಡ ಹೆಚ್ಚಿಸುವ ದೊಡ್ಡ ಟಿವಿ (ಥ್ರಾಟಲ್ ವಾಲ್ವ್) ಬೂಸ್ಟ್ ವಾಲ್ವ್ ಹಾಕಬೇಕೆಂದಿದ್ದರೆ ಅದೂ ಪಂಪ್‌ನಲ್ಲೇ ಇದೆ, ಒಂದು ಸ್ನ್ಯಾಪ್ ರಿಂಗ್ ತೆಗೆದರೆ ಸಿಗುತ್ತದೆ. ಹೆಚ್ಚು ಹೊರೆ ಎಳೆಯುವ ಕಾರಿಗೆ ನಾನು ಅದನ್ನು ಹಾಕಿಯೇ ಹಾಕುತ್ತೇನೆ.

ಸರ್ವೊ ಮತ್ತು ಬ್ಯಾಂಡ್

ಕಾರ್ವೆಟ್‌ಗೆ ಕೊಟ್ಟ ಸರ್ವೊದಲ್ಲಿ ಎರಡನೇ ಗೇರ್‌ನ ಪಿಸ್ಟನ್ ದೊಡ್ಡದು. ಬಲ ಪಿಸ್ಟನ್‌ನ ವಿಸ್ತೀರ್ಣದ ಜೊತೆಗೆ ಏರುತ್ತದೆ, ವಿಸ್ತೀರ್ಣ ವ್ಯಾಸದ ವರ್ಗದ ಜೊತೆಗೆ. ಆದ್ದರಿಂದ ವ್ಯಾಸದಲ್ಲಿ ಸ್ವಲ್ಪವೇ ಹೆಚ್ಚಾದರೂ ಬ್ಯಾಂಡ್‌ನ ಹಿಡಿತ ಚೆನ್ನಾಗಿ ಗಟ್ಟಿಯಾಗುತ್ತದೆ. ಒಂದರಿಂದ ಎರಡಕ್ಕೆ ಹೋಗುವ ಗೇರ್ ಬದಲಾವಣೆ ಎಳೆದಾಡದೆ ತಟ್ಟನೆ ಮುಗಿಯುತ್ತದೆ. ಪಿಸ್ಟನ್ ಅನ್ನು ಅದರದೇ ಹೌಸಿಂಗ್ ಸಹಿತ ಹಾಕಬೇಕು. ಈ ಬದಲಾವಣೆಗೆ ಟ್ರಾನ್ಸ್‌ಮಿಷನ್ ಕೆಳಗಿಳಿಸುವ ಅಗತ್ಯವಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದು ಒಂದೇ ಒಂದು ಸುಧಾರಣೆ ಮಾಡುವುದಾದರೆ ಇದನ್ನು ಮಾಡಿ.

700ಆರ್4ನಲ್ಲಿ ಬ್ಯಾಂಡ್ ಬಿಗಿ ಮಾಡಲು ಹೊರಗೆ ಸ್ಕ್ರೂ ಇಲ್ಲ. ಸರ್ವೊ ಪಿನ್‌ನ ಉದ್ದವೇ ಹೊಂದಾಣಿಕೆ. ಪಿನ್‌ಗಳು ಬೇರೆ ಬೇರೆ ಉದ್ದದಲ್ಲಿ ಬರುತ್ತವೆ, ಅವುಗಳ ಮೇಲಿನ ಗೆರೆಗಳಿಂದ ಗುರುತು ಸಿಗುತ್ತದೆ. ಬ್ಯಾಂಡ್ ಅಥವಾ ರಿವರ್ಸ್ ಡ್ರಮ್ ಬದಲಾದ ಮೇಲೆ ಹಳೆಯ ಪಿನ್ ಸರಿಹೊಂದುತ್ತದೆ ಎಂದು ಭಾವಿಸಬೇಡಿ. ಉದ್ದ ಹೆಚ್ಚಾದರೆ ಬ್ಯಾಂಡ್ ಸದಾ ಉಜ್ಜಿ ಸುಡುತ್ತದೆ, ಕಡಿಮೆಯಾದರೆ ಜಾರುತ್ತದೆ. ರಿವರ್ಸ್ ಡ್ರಮ್‌ನ ಹೊರಮೈಗೆ ಅಡ್ಡವಾಗಿ ನೇರ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿ ಬಂದರೆ ಡ್ರಮ್ ತಗ್ಗಾಗಿದೆ, ಹೊಸ ಬ್ಯಾಂಡ್ ಅದರ ಮೇಲೆ ಅಂಚಿನಲ್ಲಷ್ಟೇ ಕಚ್ಚುತ್ತದೆ.

ವಾಲ್ವ್ ಬಾಡಿ ಮತ್ತು ಗವರ್ನರ್

ವಾಲ್ವ್ ಬಾಡಿ, ಸೆಪರೇಟರ್ ಪ್ಲೇಟ್, ಎರಡು ಬದಿಯ ಗ್ಯಾಸ್ಕೆಟ್‌ಗಳು, ಚೆಕ್ ಬಾಲ್‌ಗಳ ಜಾಗ, ಕವಚದ ದಾರಿಗಳು. ಇವೆಲ್ಲ ಒಂದೇ ಕುಟುಂಬ. ಆರಂಭದ ಕವಚವನ್ನು ಉಳಿಸಿಕೊಂಡಿದ್ದರೆ ಅದರ ವಾಲ್ವ್ ಬಾಡಿಯನ್ನೇ ಶುಚಿಗೊಳಿಸಿ, ಪ್ರತಿ ವಾಲ್ವ್ ತನ್ನ ರಂಧ್ರದಲ್ಲಿ ತೂಕದಿಂದಲೇ ಜಾರುವಂತೆ ಮಾಡಿಕೊಂಡು ಹಾಕುವುದು ಜಾಣತನ. ಬೇರೆಯದನ್ನು ಹಾಕಲೇಬೇಕಾದರೆ ಹೊಸ ಗ್ಯಾಸ್ಕೆಟನ್ನು ಹಳೆಯ ಪ್ಲೇಟ್ ಮೇಲೆ ಇಟ್ಟು, ಪ್ರತಿ ರಂಧ್ರವೂ ತೆರೆದಿದೆಯೇ, ಪ್ರತಿ ಗೋಡೆಯೂ ಮುಚ್ಚಿದೆಯೇ ಎಂದು ಒಂದೊಂದಾಗಿ ನೋಡಿ. ಬೋಲ್ಟ್‌ಗಳಿಗೆ 11 ನ್ಯೂಟನ್ ಮೀಟರ್ ಸಾಕು, ನಡುವಿನಿಂದ ಹೊರಕ್ಕೆ ಬಿಗಿಯುತ್ತಾ ಹೋಗಿ. ಹೆಚ್ಚು ಬಿಗಿದರೆ ಎರಕ ಬಾಗಿ ವಾಲ್ವ್‌ಗಳು ಅಂಟಿಕೊಳ್ಳುತ್ತವೆ.

ಗವರ್ನರ್ ಮಾತ್ರ ಈ ಗುಂಪಿನಲ್ಲಿ ಸ್ವತಂತ್ರ. ಅದರ ತೂಕ ಮತ್ತು ಸ್ಪ್ರಿಂಗ್‌ಗಳು ಯಾವ ವೇಗದಲ್ಲಿ ಗೇರ್ ಏರಬೇಕು ಎಂದು ನಿರ್ಧರಿಸುತ್ತವೆ. ತೂಕ ಹಗುರವಾದಷ್ಟು, ಸ್ಪ್ರಿಂಗ್ ಗಟ್ಟಿಯಾದಷ್ಟು ಗೇರ್ ತಡವಾಗಿ ಏರುತ್ತದೆ. ಹಿಂದಿನ ಆಕ್ಸಲ್ ಅನುಪಾತ ಬದಲಾಗಿದ್ದರೆ ಇದನ್ನೂ ಹೊಂದಿಸಿಕೊಳ್ಳಬೇಕಾಗುತ್ತದೆ.

ಮರುಜೋಡಣೆ

ಬಿಚ್ಚಿದ್ದರ ತಿರುವು ಕ್ರಮ. ಔಟ್‌ಪುಟ್ ಶಾಫ್ಟ್‌ನ ಸ್ನ್ಯಾಪ್ ರಿಂಗ್ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಇನ್‌ಪುಟ್ ಡ್ರಮ್ ಮತ್ತು ರಿವರ್ಸ್ ಡ್ರಮ್‌ಗಳನ್ನು ಒಟ್ಟಿಗೆ ಇಳಿಸುವಾಗ ಸಣ್ಣಗೆ ಅತ್ತಿತ್ತ ತಿರುಗಿಸುತ್ತಾ ಇಳಿಸಿ. ಎಲ್ಲ ಪ್ಲೇಟ್‌ಗಳ ಹಲ್ಲು ಕಚ್ಚಿಕೊಂಡು, ರಿವರ್ಸ್ ಡ್ರಮ್‌ನ ಕಿವಿಗಳು ಸನ್ ಶೆಲ್‌ನಲ್ಲಿ ಕೂತಾಗ ಡ್ರಮ್ ಕೊನೆಯದಾಗಿ ಒಂದು ಹಂತ ಕೆಳಕ್ಕೆ ಬೀಳುವುದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅದಾದ ಮೇಲೆ ಪಂಪ್ ಕವಚದಲ್ಲಿ ಕೈಯೊತ್ತಿಗೇ ಕೂರಬೇಕು. ಬೋಲ್ಟ್ ಬಿಗಿದು ಎಳೆಯಬೇಕಾಗಿ ಬಂದರೆ ಒಳಗೆ ಏನೋ ಕೂತಿಲ್ಲ, ನಿಲ್ಲಿಸಿ.

ಪಂಪ್ ಬೋಲ್ಟ್‌ಗಳಿಗೂ 24 ನ್ಯೂಟನ್ ಮೀಟರ್ ಕೊಟ್ಟು, ಡಯಲ್ ಗೇಜ್‌ನ ಮೊನೆಯನ್ನು ಇನ್‌ಪುಟ್ ಶಾಫ್ಟ್‌ನ ತುದಿಗೆ ತಾಗಿಸಿ, ಶಾಫ್ಟ್ ಅನ್ನು ಮೇಲೆ ಕೆಳಗೆ ಎಳೆದು ಎಂಡ್ ಪ್ಲೇ ಅಳೆಯಿರಿ. 0.13ರಿಂದ 0.91 ಮಿಲಿಮೀಟರ್ ಒಳಗೆ ಬರಬೇಕು. ಬಾರದಿದ್ದರೆ ಪಂಪ್ ಮತ್ತು ಡ್ರಮ್ ನಡುವಿನ ಆಯ್ಕೆಯ ವಾಷರ್ ಬದಲಿಸಿ. ಬೇರೆ ಬೇರೆ ಮಾದರಿಗಳ ಭಾಗ ಕೂಡಿಸಿದ ಯೂನಿಟ್‌ನಲ್ಲಿ ಈ ಅಳತೆ ಮೊದಲಿನಂತೆಯೇ ಬಂದರೆ ಅದು ಅದೃಷ್ಟ. ವಾಷರ್‌ಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಕಾರಿಗೆ ಏರಿಸಿದ ಮೇಲೆ

ಹಳೆಯ ಕನ್ವರ್ಟರ್ ಒಳಗೆ ಹುಡಿ ತುಂಬಿದ್ದರೆ ಅದನ್ನು ತೊಳೆದು ತೆಗೆಯಲಾಗದು. ಕೂಲರ್ ಮತ್ತು ಅದರ ಕೊಳವೆಗಳನ್ನಂತೂ ಎರಡೂ ದಿಕ್ಕಿನಿಂದ ತೊಳೆಯಲೇಬೇಕು. ಕನ್ವರ್ಟರ್ ಪೂರ್ತಿ ಒಳಗೆ ಕೂತಿದ್ದರೆ, ಬೆಲ್ ಹೌಸಿಂಗ್ ಬಿಗಿದ ಮೇಲೆ ಅದನ್ನು ಎಂಜಿನ್‌ನ ಹಿಂಬದಿಯಲ್ಲಿ ತಿರುಗುವ ಫ್ಲೆಕ್ಸ್‌ಪ್ಲೇಟ್‌ಗೆ ತಾಗಿಸಲು ಸುಮಾರು 3ರಿಂದ 5 ಮಿಲಿಮೀಟರ್ ಮುಂದೆಳೆಯಬೇಕಾಗುತ್ತದೆ. ಎಳೆಯಲು ಜಾಗವೇ ಇಲ್ಲದಿದ್ದರೆ ಬೋಲ್ಟ್ ಬಿಗಿದ ಕ್ಷಣ ಪಂಪ್ ಒಡೆಯುತ್ತದೆ.

ಈಗ ಥ್ರಾಟಲ್ ಕೇಬಲ್. ಕಾರ್ಬುರೇಟರ್‌ನಿಂದ ವಾಲ್ವ್ ಬಾಡಿಗೆ ಹೋಗುವ ಈ ಟಿವಿ ಕೇಬಲ್ ಅನ್ನು ಗೇರ್ ಏರುವ ಸಮಯ ಹೊಂದಿಸುವ ಸಾಧನ ಎಂದು ತಿಳಿದವರು ಬಹಳ. ಅದಕ್ಕಿಂತ ದೊಡ್ಡ ಕೆಲಸ ಅದರದು: ಎಂಜಿನ್‌ನ ಹೊರೆಗೆ ತಕ್ಕಂತೆ ಎಣ್ಣೆಯ ಒತ್ತಡ ಏರಿಸುವುದು. ಕೇಬಲ್ ಸಡಿಲವಾಗಿದ್ದರೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ 3-4 ಕ್ಲಚ್ ಸುಡುತ್ತದೆ. ನೀವು ತಂದು ಹಾಕಿದ ಎಲ್ಲ ಗಟ್ಟಿ ಭಾಗಗಳೂ ಈ ಒಂದು ತಂತಿಯ ಮೇಲೆ ಅವಲಂಬಿಸಿವೆ.

ಹೊಂದಾಣಿಕೆ ಹೀಗೆ: ಎಂಜಿನ್ ನಿಲ್ಲಿಸಿ. ಕೇಬಲ್ ಮೇಲಿನ ಗುಂಡಿಯನ್ನು ಒತ್ತಿ ಹಿಡಿದು ಸ್ಲೈಡರ್ ಅನ್ನು ಥ್ರಾಟಲ್ ತೋಳಿನಿಂದ ದೂರಕ್ಕೆ, ನಿಲ್ಲುವವರೆಗೂ ಸರಿಸಿ. ಗುಂಡಿ ಬಿಡಿ. ಥ್ರಾಟಲ್ ತೋಳನ್ನು ಪೂರ್ತಿ ತೆರೆಯಿರಿ. ಸ್ಲೈಡರ್ ಟಕಟಕನೆ ತನ್ನ ಜಾಗಕ್ಕೆ ಬರುತ್ತದೆ. ಪೆಡಲ್ ನೆಲಕ್ಕೆ ತಾಗಿದಾಗ ಕೇಬಲ್ ಪೂರ್ತಿ ಎಳೆದಿರಬೇಕು. ಬೇರೆ ಕಾರ್ಬುರೇಟರ್ ಹಾಕಿದ್ದರೆ ಕೇಬಲ್ ಸಿಕ್ಕಿಸುವ ಬಿಂದುವಿನ ದೂರ ಮತ್ತು ಕೋನ ಬದಲಾಗಿರುತ್ತದೆ. ಅದನ್ನು ಸರಿಪಡಿಸುವ ತೋಳು ಹಾಕದೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ಕಣ್ಣಳತೆಯನ್ನು ನಂಬದೆ ಕವಚದ ಎಡಬದಿಯ ಒತ್ತಡ ರಂಧ್ರಕ್ಕೆ ಗೇಜ್ ಜೋಡಿಸಿ. ಡೆಕ್ಸ್‌ರಾನ್-3 ಮಟ್ಟದ ಎಣ್ಣೆ ತುಂಬಿ, ಎಂಜಿನ್ ಬಿಸಿಯಾದ ಮೇಲೆ, ಚಕ್ರಗಳಿಗೆ ಅಡ್ಡ ಕೊಟ್ಟು, ಬ್ರೇಕ್ ಒತ್ತಿ ಡ್ರೈವ್‌ಗೆ ಹಾಕಿ. ಐಡಲ್‌ನಲ್ಲಿ 55ರಿಂದ 65 ಪಿಎಸ್‌ಐ ಆಸುಪಾಸು ತೋರಬೇಕು. ಎಂಜಿನ್ ಅದೇ ವೇಗದಲ್ಲಿರುವಾಗ ಇನ್ನೊಬ್ಬರು ಕೇಬಲ್ ಅನ್ನು ಮಾತ್ರ ಕೈಯಲ್ಲಿ ನಿಧಾನವಾಗಿ ಎಳೆಯಲಿ. ಮುಳ್ಳು ಕೇಬಲ್ ಜೊತೆಜೊತೆಗೇ ಏರಬೇಕು. ಮೊದಲ ಎಳೆತಕ್ಕೆ ಸುಮ್ಮನಿದ್ದು ಆಮೇಲೆ ಏರಿದರೆ ಕೇಬಲ್ ಸಡಿಲ. ಏರದೇ ಇದ್ದರೆ ಕಾರನ್ನು ಒಂದು ಅಡಿಯೂ ಓಡಿಸದೆ ತಟ್ಟೆ ತೆಗೆದು ಟಿವಿ ಲಿಂಕ್ ನೋಡಿ.

ಮೊದಲ ಓಡಾಟ ಸಮತಟ್ಟು ರಸ್ತೆಯಲ್ಲಿ, ಹಗುರ ಕಾಲಿನಲ್ಲಿ ಇರಲಿ. ನಾಲ್ಕೂ ಗೇರ್ ಬಂದ ಮೇಲೆ ಲಾಕ್-ಅಪ್ ಹಿಡಿಯುವುದನ್ನು ಐದನೇ ಗೇರ್ ಎಂದು ಭ್ರಮಿಸುವಷ್ಟು ಸ್ಪಷ್ಟವಾಗಿ ಅನುಭವಿಸಬಹುದು. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ವೇಗ ಒಮ್ಮೆಲೇ ಮೇಲೆ ಹಾರಿದರೆ 3-4 ಕ್ಲಚ್ ತಡವಾಗಿ ಹಿಡಿಯುತ್ತಿದೆ. ಕಾಲು ತೆಗೆದು, ಗ್ಯಾರೇಜಿಗೆ ಮರಳಿ, ಕೇಬಲ್ ಮತ್ತು ಒತ್ತಡವನ್ನು ಮತ್ತೆ ನೋಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತಟ್ಟೆ ಇಳಿಸಿ ಎಣ್ಣೆ, ಫಿಲ್ಟರ್ ಬದಲಿಸಿ. ತಳದಲ್ಲಿ ಬೂದು ಬಣ್ಣದ ತೆಳು ಪದರವಿದ್ದರೆ ಅದು ಹೊಸ ಪ್ಲೇಟ್‌ಗಳು ಹದಕ್ಕೆ ಬಂದ ಗುರುತು. ಕಪ್ಪು ತುಣುಕುಗಳು ಕಂಡರೆ ಯಾವುದೋ ಕ್ಲಚ್ ಈಗಾಗಲೇ ಜಾರುತ್ತಿದೆ, ಇನ್ನಷ್ಟು ಓಡಿಸುವ ಮೊದಲೇ ಗಾಳಿ ಪರೀಕ್ಷೆ ಮಾಡಿ.